ಒಳಗೆ ಮಕ್ಕಳು ಕೂತಿರುವಾಗ ಸರ್ವಿಸ್ ರೀಸ್ಟಾರ್ಟ್ ಮಾಡಬೇಡಿ

ಮಾನ್ಯ ಸಂಪಾದಕರೇ,

ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಹೋದ ತಿಂಗಳು ನಮ್ಮಲ್ಲಿ ಜಾವಾ ಪ್ರಾಕ್ಟಿಕಲ್ ಪರೀಕ್ಷೆ ಇತ್ತು. ಅವತ್ತು ಆದದ್ದನ್ನು ನಿಮ್ಮ ಪತ್ರಿಕೆಯ ಮೂಲಕ ನಾಲ್ಕು ಜನಕ್ಕೆ ಹೇಳಬೇಕು. ಪತ್ರ ಉದ್ದ ಆಗುತ್ತದೆ, ಆದರೂ ದಯವಿಟ್ಟು ಪೂರ್ತಿ ಹಾಕಿ. ನಮ್ಮಂಥ ಲ್ಯಾಬ್ ಇರುವ ಕಾಲೇಜುಗಳು ಈ ಕಡೆ ಒಂದೆರಡಲ್ಲ, ಪರೀಕ್ಷೆಗಳೂ ಮತ್ತೆ ಬರುತ್ತವೆ.

ನಮ್ಮ ಲ್ಯಾಬಿನಲ್ಲಿ 30 ಕಂಪ್ಯೂಟರ್ ಇವೆ, ಎಲ್ಲವೂ ಲಿನಕ್ಸ್, ಅಂದರೆ ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಮಕ್ಕಳ ಫೈಲುಗಳು ಆ ಕಂಪ್ಯೂಟರುಗಳಲ್ಲಿ ಇರುವುದಿಲ್ಲ, ಪಕ್ಕದ ಕೋಣೆಯ ಸರ್ವರ್‌ನಲ್ಲಿ ಇರುತ್ತವೆ. ಯಾವ ಕಂಪ್ಯೂಟರ್ ಮುಂದೆ ಕೂತು ತಮ್ಮ ನಂಬರ್ ಹಾಕಿದರೂ ಅವರ ಫೋಲ್ಡರ್ ಅಲ್ಲಿಗೇ ಬಂದು ಜೋಡಣೆಯಾಗುತ್ತದೆ. ಹೀಗೆ ಜೋಡಿಸುವುದಕ್ಕೆ ಮೌಂಟ್ ಮಾಡುವುದು ಅನ್ನುತ್ತೇವೆ. ಇದನ್ನು ಯಾರೂ ಕೈಯಿಂದ ಮಾಡುವುದಿಲ್ಲ, ಆಟೋಎಫ್‌ಎಸ್ ಅನ್ನೋ ಸರ್ವಿಸ್, ಅಂದರೆ ಹಿಂದೆ ಸುಮ್ನೆ ಓಡುತ್ತಿರುವ ಪ್ರೋಗ್ರಾಂ, ಮಾಡುತ್ತದೆ. ಫೋಲ್ಡರ್ ಕೇಳಿದ ತಕ್ಷಣ ಅದು ಸರ್ವರ್‌ನಿಂದ ತಂದು ಕೂಡಿಸುತ್ತದೆ, ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ತಾನೇ ಬಿಚ್ಚಿ ಇಡುತ್ತದೆ. ಅದರ ಜೊತೆ ಬರುವ ಸೆಟ್ಟಿಂಗ್ ಫೈಲಿನಲ್ಲಿ ಈ ಹೊತ್ತು 300 ಸೆಕೆಂಡ್ ಅಂತ ಇರುತ್ತದೆ, ಅಂದರೆ ಐದು ನಿಮಿಷ. ಯಾರ ಫೋಲ್ಡರ್ ಎಲ್ಲಿಂದ ತರಬೇಕು ಅನ್ನೋದಕ್ಕೆ ಒಂದು ಪಟ್ಟಿ ಇರುತ್ತದೆ. ಅದಕ್ಕೆ ಮ್ಯಾಪ್ ಅಂತ ಹೆಸರು.

ಅವತ್ತು ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ ಶುರುವಾಯಿತು. ಹಳೆ ಬ್ಯಾಚಿನ ಒಬ್ಬ ಹುಡುಗ ಬ್ಯಾಕ್‌ಲಾಗ್ ಬರೆಯಲು ಬಂದಿದ್ದ. ಅವನ ನಂಬರ್ ಮ್ಯಾಪಿನಲ್ಲಿ ಇರಲಿಲ್ಲ. "ಮೇಡಂ, ನನ್ನ ಫೋಲ್ಡರ್ ಬರವಲ್ದುರಿ" ಅಂದ. ಸರ್ವರ್ ನೋಡಿಕೊಳ್ಳುವ ಹೊರಗಿನ ಟೆಕ್ನಿಷಿಯನ್ ಒಬ್ಬರು ಅವತ್ತು ಇದ್ದರು. ಅವರು ಮ್ಯಾಪಿಗೆ ಒಂದು ಸಾಲು ಸೇರಿಸಿ 30 ಕಂಪ್ಯೂಟರಿಗೂ ಕಳಿಸಿದರು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಹುಡುಗ ತಕ್ಷಣ ಮತ್ತೆ ನೋಡಿದ, ಬರಲಿಲ್ಲ. "ಸರ್ವಿಸ್ ರೀಸ್ಟಾರ್ಟ್ ಮಾಡಬೇಕ್ರಿ ಮೇಡಂ, ಎರಡೇ ನಿಮಿಷ" ಅಂದರು ಟೆಕ್ನಿಷಿಯನ್. ನಾನು ತಡೆಯಲಿಲ್ಲ. ತಡೆಯಬೇಕಿತ್ತು.

ನಿಲ್ಲಿಸಲು ಹೋದಾಗ ಬ್ಯುಸಿ ಅಂತ ಬಂತು. ಬರದೆ ಇನ್ನೇನು, 29 ಮಕ್ಕಳು ಅದೇ ಫೋಲ್ಡರುಗಳ ಒಳಗೆ ಕೂತು ಬರೆಯುತ್ತಿದ್ದರು. ಟೆಕ್ನಿಷಿಯನ್ ತಮ್ಮ ಹಳೇ ನೋಟ್‌ಬುಕ್ ತೆಗೆದರು. ಅದರಲ್ಲಿ ಬರೆದಿಟ್ಟ ಹಾಗೆ ಎಲ್ಲ ಮೌಂಟುಗಳ ಮೇಲೂ ಯುಮೌಂಟ್ ಮೈನಸ್ ಎಲ್ ಓಡಿಸಿ, ಆ ಸರ್ವಿಸಿನ ಆಟೋಮೌಂಟ್ ಅನ್ನೋ ಪ್ರೋಗ್ರಾಮಿಗೆ ಕಿಲ್ ಮೈನಸ್ ನೈನ್ ಕೊಟ್ಟು, ಅಂದರೆ ಬಲವಂತವಾಗಿ ನಿಲ್ಲಿಸಿ, ಮತ್ತೆ ಶುರು ಮಾಡಿದರು. ಒಂದೇ ಸಲಕ್ಕೆ 30 ಕಂಪ್ಯೂಟರಿನಲ್ಲೂ. ಹಳೆ ಹುಡುಗನ ಫೋಲ್ಡರ್ ಬಂತು. ಕೆಲಸ ಆಯಿತು ಅಂದುಕೊಂಡು ಅವರು ಸರ್ವರ್ ಕೋಣೆಗೆ ಹೋದರು.

ಐದು ನಿಮಿಷವೂ ಆಗಿರಲಿಲ್ಲ. ಮೊದಲು ಒಂದು ಕೈ ಎದ್ದಿತು, ಆಮೇಲೆ ನಾಲ್ಕು, ಆಮೇಲೆ ಇಡೀ ಲ್ಯಾಬ್. "ಮೇಡಂ, ಜಾವಾ ಓಡವಲ್ದು." ಪರದೆಯ ಮೇಲೆ ಬರುತ್ತಿದ್ದದ್ದು 'ಕುಡ್ ನಾಟ್ ಡಿಟರ್ಮಿನ್ ಕರೆಂಟ್ ವರ್ಕಿಂಗ್ ಡೈರೆಕ್ಟರಿ' ಅನ್ನೋ ಸಾಲು. ನಾನು ಯಾವ ಫೋಲ್ಡರಿನಲ್ಲಿ ನಿಂತಿದ್ದೇನೆ ಅಂತ ಗೊತ್ತಾಗುತ್ತಿಲ್ಲ ಅಂತ ಅದರ ಅರ್ಥ. ಮೊದಲ ಸಲ ಇದನ್ನು ನೋಡುವ ಹತ್ತೊಂಬತ್ತು ವರ್ಷದ ಮಕ್ಕಳಿಗೆ ಅದು ಹೇಗೆ ಗೊತ್ತಾಗಬೇಕು ಹೇಳಿ. ತಮ್ಮ ಪ್ರೋಗ್ರಾಮೇ ತಪ್ಪು ಅಂದುಕೊಂಡರು. ಚಿಂಚೋಳಿ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ, ಕ್ಲಾಸಿನಲ್ಲೇ ಚೆನ್ನಾಗಿ ಮಾಡುವವಳು, ಸರಿಯಾಗಿ ಬರೆದಿದ್ದ ಕೋಡನ್ನು ಅಳಿಸಿ ಬೇರೆ ಥರ ಬರೆದಳು. ಮತ್ತೆ ಅಳಿಸಿದಳು. ಮೂರನೇ ಸಲ ಅಳಿಸುವಾಗ ನಾನು ಹೋಗಿ ಕೈ ಹಿಡಿದೆ. ಅವಳ ಮೊದಲ ಪ್ರೋಗ್ರಾಮಿನಲ್ಲಿ ತಪ್ಪೇ ಇರಲಿಲ್ಲ. ಇನ್ನೊಬ್ಬ ಹುಡುಗ ಹೆದರಿ ಪವರ್ ಬಟನ್ ಒತ್ತಿ ಹಿಡಿದುಬಿಟ್ಟ. ಅರ್ಧ ಗಂಟೆಯಿಂದ ಬರೆದದ್ದನ್ನು ಅವನು ಸೇವ್ ಮಾಡಿರಲಿಲ್ಲ.

ನನಗೆ ನೋವಾಗುವುದು ಇಲ್ಲೇ. ಸರ್ವರ್‌ನಲ್ಲಿ ಒಂದೇ ಒಂದು ಫೈಲೂ ಹೋಗಿರಲಿಲ್ಲ. ಎಲ್ಲ ಅಲ್ಲೇ ಇತ್ತು. ಹೋದದ್ದು ಆ ಹುಡುಗ ಬಟನ್ ಒತ್ತಿದ್ದರಿಂದ ಹೋದದ್ದು, ಆ ಹುಡುಗಿ ಅಳಿಸಿದ್ದರಿಂದ ಹೋದದ್ದು, ಮತ್ತು 29 ಮಕ್ಕಳ ಪರೀಕ್ಷೆಯ ಸಮಯ.

ಯುಮೌಂಟ್ ಮೈನಸ್ ಎಲ್ ಏನು ಮಾಡುತ್ತದೆ ಅಂತ ಹೇಳುತ್ತೇನೆ. ಲೇಜಿ ಯುಮೌಂಟ್ ಅನ್ನುತ್ತಾರೆ. ನಮ್ಮ ಊರಿನ ಹಳೇ ಓಣಿ ನೆನಸಿಕೊಳ್ಳಿ. ನೀವು ಒಂದು ಮನೆಯ ಒಳಕೋಣೆಯಲ್ಲಿ ಕೂತು ಲೆಕ್ಕ ಬರೆಯುತ್ತಿದ್ದೀರಿ. ಹೊರಗೆ ಯಾರೋ ಬಂದು ಓಣಿಗೂ ನಿಮ್ಮ ಮನೆಗೂ ಇದ್ದ ದಾರಿಯನ್ನೇ ತೆಗೆದುಬಿಟ್ಟರು. ಕೋಣೆ ಹಾಗೇ ಇದೆ, ಪುಸ್ತಕ ಹಾಗೇ ಇದೆ, ಪೆನ್ನು ಓಡುತ್ತದೆ. ಬರೆದದ್ದು ಪುಸ್ತಕದಲ್ಲಿ ಉಳಿಯುತ್ತದೆ ಕೂಡ. ಆದರೆ ಯಾರಾದರೂ ನಿಮ್ಮ ವಿಳಾಸ ಕೇಳಿದರೆ ಹೇಳಲು ಬರುವುದಿಲ್ಲ, ಯಾಕೆಂದರೆ ಮನೆಯಿಂದ ಓಣಿಗೆ, ಓಣಿಯಿಂದ ಚೌಕಿಗೆ, ಚೌಕಿನಿಂದ ಊರಿಗೆ ಅಂತ ಹಿಂದೆ ನಡೆದು ಲೆಕ್ಕ ಹಾಕಬೇಕು, ಆ ದಾರಿಯೇ ತುಂಡಾಗಿದೆ. ಕಂಪ್ಯೂಟರಿನಲ್ಲಿ ಹೀಗೆ ವಿಳಾಸ ಕೇಳುವ ಕರೆಯ ಹೆಸರು ಗೆಟ್‌ಸಿಡಬ್ಲ್ಯೂಡಿ. ಎಡಿಟರ್‌ನಲ್ಲಿ ಆಗಲೇ ತೆರೆದಿರುವ ಫೈಲಿಗೆ ಇದರಿಂದ ಏನೂ ಆಗುವುದಿಲ್ಲ. ಜಾವಾ ಮಾತ್ರ ಶುರುವಾಗುವಾಗಲೇ ವಿಳಾಸ ಕೇಳುತ್ತದೆ. ಬರೆದ ಕೋಡನ್ನು ಓಡಿಸಲು ತಯಾರು ಮಾಡುವ, ಅಂದರೆ ಕಂಪೈಲ್ ಮಾಡುವ, ಜಾವಾಸಿ ಕೂಡ ಅದೇ ಜಾವಾದ ಮೇಲೆ ಓಡುವುದರಿಂದ ಅದೂ ಅಲ್ಲೇ ನಿಂತುಬಿಡುತ್ತದೆ. ಹಾಗಾಗಿ ಬರೆಯಲು ಆಗುತ್ತಿತ್ತು, ಓಡಿಸಲು ಆಗುತ್ತಿರಲಿಲ್ಲ. ಮಕ್ಕಳಿಗೆ ತಪ್ಪು ತಮ್ಮದೇ ಅನ್ನಿಸಿದ್ದು ಇದಕ್ಕೇ.

ಪರಿಹಾರ ಎಷ್ಟು ಸಣ್ಣದು ಗೊತ್ತಾ? ಟರ್ಮಿನಲ್‌ನಲ್ಲಿ ಸಿಡಿ ಅಂತ ಎರಡು ಅಕ್ಷರ ಬರೆದು ಎಂಟರ್ ಒತ್ತಬೇಕು. ಆಗ ಅದು ತುಂಡಾದ ಮನೆಯಿಂದ ಹೊರಗೆ ಬಂದು ಪೂರ್ತಿ ವಿಳಾಸ ಹಿಡಿದು ಹೋಗುತ್ತದೆ, ಹೊಸ ಆಟೋಎಫ್‌ಎಸ್ ಫೋಲ್ಡರನ್ನು ಮತ್ತೆ ಜೋಡಿಸುತ್ತದೆ. ಅಲ್ಲಿಂದ ಕೆಲಸದ ಫೋಲ್ಡರಿಗೆ ಹೋದರೆ ಜಾವಾ ಓಡುತ್ತದೆ. ನನಗೆ ಇದು ಹೊಳೆಯಲು ಇಪ್ಪತ್ತು ನಿಮಿಷ ಬೇಕಾಯಿತು. ಹೊಳೆದ ಮೇಲೆ ಒಂದೊಂದು ಟೇಬಲ್ಲಿಗೂ ಓಡಿ ಹೇಳಿದೆ. ಪರೀಕ್ಷೆ ಬರೆಯುವ ಮಕ್ಕಳು ಇದೊಂದನ್ನು ನೆನಪಿಟ್ಟುಕೊಳ್ಳಿ. ಇದ್ದಕ್ಕಿದ್ದ ಹಾಗೆ ಎಲ್ಲರ ಕಂಪ್ಯೂಟರಿನಲ್ಲೂ ಒಂದೇ ಥರದ ತಪ್ಪು ಬಂದರೆ ಅದು ನಿಮ್ಮ ಕೋಡಿನದಲ್ಲ. ಮೊದಲು ಸೇವ್ ಮಾಡಿ, ಕೈ ಎತ್ತಿ, ಪವರ್ ಬಟನ್ ಮುಟ್ಟಬೇಡಿ.

ಈಗ ಟೆಕ್ನಿಷಿಯನ್ ಅಣ್ಣತಮ್ಮಂದಿರಿಗೆ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಒಂದೇ ದಿನ ನಾಲ್ಕು ಕಡೆ ಓಡಾಡಿ, ಈ ಬಿಸಿಲಲ್ಲಿ ಬೈಕ್ ಮೇಲೆ ಸೇಡಂ ರಸ್ತೆಯಿಂದ ಆಳಂದ ರಸ್ತೆಗೆ ಬಂದು ಕೆಲಸ ಮಾಡುವವರು ನೀವು. ಆದರೆ ರೀಸ್ಟಾರ್ಟ್ ಮಾಡಿ ನೋಡೋಣ ಅನ್ನೋ ರೂಢಿಯನ್ನು ಬಿಡಬೇಕು. ಅವತ್ತು ರೀಸ್ಟಾರ್ಟ್ ಬೇಕೇ ಇರಲಿಲ್ಲ. ನಮ್ಮ ಲ್ಯಾಬಿನ ಮ್ಯಾಪ್ ಇನ್‌ಡೈರೆಕ್ಟ್ ಮ್ಯಾಪ್, ಅಂದರೆ ಒಂದು ದೊಡ್ಡ ಫೋಲ್ಡರಿನ ಕೆಳಗೆ ಒಬ್ಬೊಬ್ಬರ ಹೆಸರು. ಅದಕ್ಕೆ ಹೊಸ ಸಾಲು ಸೇರಿಸಿದರೆ ಸುಮ್ನೆ ಬಿಟ್ಟರೆ ಸಾಕು, ಮುಂದಿನ ಸಲ ಯಾರಾದರೂ ಕೇಳಿದಾಗ ಅದೇ ಓದಿಕೊಳ್ಳುತ್ತದೆ. ಹಾಗಾದರೆ ಹುಡುಗನಿಗೆ ಯಾಕೆ ಬರಲಿಲ್ಲ? ಅವನು ಸಾಲು ಸೇರಿಸುವ ಮೊದಲೇ ಒಂದು ಸಲ ಕೇಳಿದ್ದ, ಇಲ್ಲ ಅನ್ನೋ ಉತ್ತರ ಬಂದಿತ್ತು. ಆ ಉತ್ತರವನ್ನು ಆಟೋಎಫ್‌ಎಸ್ 60 ಸೆಕೆಂಡ್ ನೆನಪಿಟ್ಟುಕೊಳ್ಳುತ್ತದೆ, ಅಷ್ಟರೊಳಗೆ ಮತ್ತೆ ಕೇಳಿದರೆ ಹೊಸದಾಗಿ ಹುಡುಕದೆ ಹಳೇ ಉತ್ತರವನ್ನೇ ಕೊಡುತ್ತದೆ. ನೆಗೆಟಿವ್ ಟೈಮ್‌ಔಟ್ ಅನ್ನೋ ಸೆಟ್ಟಿಂಗ್ ಅದು. ಒಂದು ನಿಮಿಷ ಕಾದಿದ್ದರೆ ಫೋಲ್ಡರ್ ತಾನಾಗೇ ಬರುತ್ತಿತ್ತು. ಒಂದೇ ಒಂದು ನಿಮಿಷ.

ಮಾಸ್ಟರ್ ಮ್ಯಾಪ್ (ಯಾವ ಯಾವ ಮ್ಯಾಪ್ ಬಳಸಬೇಕು ಅನ್ನೋ ಮುಖ್ಯ ಪಟ್ಟಿ) ಬದಲಾದರೆ, ಅಥವಾ ಡೈರೆಕ್ಟ್ ಮ್ಯಾಪಿಗೆ (ಒಂದೊಂದು ಫೋಲ್ಡರಿಗೂ ಪೂರ್ತಿ ವಿಳಾಸ ಬರೆದಿರುವ ಪಟ್ಟಿ) ಹೊಸದು ಸೇರಿಸಿದರೆ ಸರ್ವಿಸಿಗೆ ತಿಳಿಸಬೇಕಾಗುತ್ತದೆ, ಅದು ನಿಜ. ಅದಕ್ಕೂ ರೀಲೋಡ್ ಸಾಕು. ರೀಲೋಡ್ ಅಂದರೆ ಓಡುತ್ತಿರುವ ಆಟೋಮೌಂಟಿಗೆ ಎಚ್‌ಯುಪಿ ಅನ್ನೋ ಸಿಗ್ನಲ್ ಹೋಗುತ್ತದೆ, ಅದು ಪಟ್ಟಿಗಳನ್ನು ಮತ್ತೆ ಓದುತ್ತದೆ, ಒಳಗೆ ಕೂತವರನ್ನು ಮುಟ್ಟುವುದಿಲ್ಲ. ಬಳಕೆಯಲ್ಲಿ ಇಲ್ಲದ ಮೌಂಟುಗಳನ್ನು ಮಾತ್ರ ಈಗಲೇ ಇಳಿಸಬೇಕು ಅಂದರೆ ಅದಕ್ಕೂ ಯುಎಸ್‌ಆರ್-1 ಅಂತ ಬೇರೆ ಸಿಗ್ನಲ್ ಇದೆ. ಅದು ಕೂಡ ಖಾಲಿ ಇರುವುದನ್ನು ಮಾತ್ರ ಇಳಿಸುತ್ತದೆ. ಇಷ್ಟು ವಿಚಾರ ಮಾಡಿ ಕೊಟ್ಟಿರುವ ಸೌಲಭ್ಯಗಳನ್ನು ಬಿಟ್ಟು ನಾವು ಯಾಕೆ ಕಿಲ್ ಮೈನಸ್ ನೈನ್‌ಗೆ ಕೈ ಹಾಕುತ್ತೇವೆ?

ಅದಕ್ಕೆ ಕಾರಣ ಆ ಹಳೇ ನೋಟ್‌ಬುಕ್. ಆಮೇಲೆ ನಾನು ಅವರ ಜೊತೆ ಕೂತು ನೋಡಿದೆ. ಯಾರೋ ಸೀನಿಯರ್ ಬರೆಸಿದ್ದಂತೆ, ಇವರು ನಂಬಿ ಹಾಗೇ ಮಾಡುತ್ತಾ ಬಂದಿದ್ದಾರೆ. ಅದರಲ್ಲಿ ಇದ್ದದ್ದು ಪೂರ್ತಿ ಸುಳ್ಳಲ್ಲ, ಒಂದು ಕಾಲದ ಮಾತು. ಹಿಂದೆ ಆಟೋಎಫ್‌ಎಸ್‌ಗೆ ನಿಜವಾಗಿಯೂ ಒಂದು ಕೊರತೆ ಇತ್ತು. ಬಳಕೆಯಲ್ಲಿರುವ ಮೌಂಟುಗಳನ್ನು ಬಿಟ್ಟು ಅದು ನಿಂತುಹೋಗಿ ಮತ್ತೆ ಶುರುವಾದರೆ, ಹಳೇ ಮೌಂಟುಗಳನ್ನು ಮತ್ತೆ ತನ್ನ ಕೈಗೆ ತೆಗೆದುಕೊಳ್ಳಲು ಅದಕ್ಕೆ ಬರುತ್ತಿರಲಿಲ್ಲ. ತಾನು ನೋಡಿಕೊಳ್ಳುವ ಫೋಲ್ಡರನ್ನು ತೆರೆದು ಹಿಡಿದುಕೊಂಡೇ ಅದು ಕರ್ನಲ್ ಜೊತೆ, ಅಂದರೆ ಲಿನಕ್ಸಿನ ತಿರುಳಿನ ಜೊತೆ, ಮಾತಾಡಬೇಕಿತ್ತು. ಆ ಫೋಲ್ಡರಿನ ಮೇಲೆ ಇನ್ನೊಂದು ಫೈಲ್‌ಸಿಸ್ಟಮ್ ಬಂದು ಕೂತಿದ್ದರೆ ಹೊಸದಾಗಿ ಶುರುವಾದ ಸರ್ವಿಸಿಗೆ ಕೆಳಗಿನದು ಕೈಗೆ ಎಟುಕುವುದೇ ಇಲ್ಲ. ಅದಕ್ಕೇ ಆಗ ಆಟೋಎಫ್‌ಎಸ್ ತಾನೇ ಶುರುವಾಗುವಾಗ ಲೇಜಿ ಯುಮೌಂಟ್ ಮಾಡಿ ಹಳೇದನ್ನೆಲ್ಲ ತೆಗೆದುಹಾಕುತ್ತಿತ್ತು. ನಮ್ಮ ಲ್ಯಾಬಿನಲ್ಲಿ ಅವತ್ತು ಆದ ಹಾಗೆ ಆಗಲೂ ಜನರ ವಿಳಾಸ ಕಳೆದುಹೋಗುತ್ತಿತ್ತು.

ಇದನ್ನು ಸರಿ ಮಾಡಿದ್ದು 2008ರಲ್ಲಿ. ಆ ವರ್ಷದ ಡಿಸೆಂಬರಿನಲ್ಲಿ ಬಂದ ಲಿನಕ್ಸ್ ಕರ್ನಲ್ 2.6.28ರಲ್ಲಿ ಆಟೋಎಫ್‌ಎಸ್‌ಗೆ ಅಂತಲೇ ಒಂದು ಬೇರೆ ಬಾಗಿಲು ಇಟ್ಟರು, ಡೆವ್ ಆಟೋಎಫ್‌ಎಸ್ ಅಂತ. ಆಟೋಎಫ್‌ಎಸ್ ನೋಡಿಕೊಳ್ಳುವ ಇಯಾನ್ ಕೆಂಟ್ ಮಾಡಿದ ಕೆಲಸ ಅದು. ಇದನ್ನು ಬಸ್ಸಿನ ಉದಾಹರಣೆಯಿಂದ ಹೇಳುತ್ತೇನೆ. ಕಲಬುರಗಿಯಿಂದ ಬೀದರಿಗೆ ಹೋಗುವ ಬಸ್ಸಿನಲ್ಲಿ ಹುಮನಾಬಾದಿನಲ್ಲಿ ಕಂಡಕ್ಟರ್ ಬದಲಾದರು ಅಂತ ಇಟ್ಟುಕೊಳ್ಳಿ. ಹೊಸಬರ ಕೈಗೆ ವೇ ಬಿಲ್ ಬಂದರೆ ಯಾರು ಎಲ್ಲಿ ಹತ್ತಿದ್ದಾರೆ, ಎಲ್ಲಿ ಇಳಿಯಬೇಕು ಅಂತ ನೋಡಿಕೊಂಡು ಅಲ್ಲಿಂದ ಮುಂದುವರಿಸುತ್ತಾರೆ, ಕೂತವರು ಕೂತೇ ಇರುತ್ತಾರೆ. ವೇ ಬಿಲ್ ಇಲ್ಲದಿದ್ದರೆ? ಎಲ್ಲರನ್ನೂ ಇಳಿಸಿ ಮತ್ತೆ ಹತ್ತಿಸಿಕೊಳ್ಳಬೇಕು. ಹಳೇ ಆಟೋಎಫ್‌ಎಸ್ ಮಾಡುತ್ತಿದ್ದದ್ದು ಅದೇ. ಈಗಿನದು ಬಳಕೆಯಲ್ಲಿರುವ ಮೌಂಟುಗಳನ್ನು ಬಿಟ್ಟು ನಿಲ್ಲಬಲ್ಲದು. ಮತ್ತೆ ಶುರುವಾದಾಗ ಅವು ಮ್ಯಾಪಿನಲ್ಲಿ ಇನ್ನೂ ಇದ್ದರೆ ತನ್ನ ಕೈಗೆ ವಾಪಸ್ ತೆಗೆದುಕೊಳ್ಳುತ್ತದೆ. ಮ್ಯಾಪಿನಿಂದ ತೆಗೆದುಹಾಕಿದ್ದರೆ ಮಾತ್ರ ನಾವೇ ಆಮೇಲೆ ಕೈಯಿಂದ ಇಳಿಸಬೇಕು.

ಅಂದರೆ ಈಗಿನ ಆಟೋಎಫ್‌ಎಸ್‌ನಲ್ಲಿ ರೀಸ್ಟಾರ್ಟ್ ಮಾಡಲೇಬೇಕಾಗಿ ಬಂದರೂ ಒಳಗೆ ಕೂತವರನ್ನು ಎಬ್ಬಿಸುವ ಅಗತ್ಯವಿಲ್ಲ. ನಾವೇ ಯುಮೌಂಟ್ ಮೈನಸ್ ಎಲ್ ಕೊಟ್ಟಾಗ ಮಾತ್ರ ಅವರು ಬೀದಿಗೆ ಬೀಳುತ್ತಾರೆ. 2008ರಲ್ಲೇ ಸರಿಯಾದದ್ದನ್ನು ನಾವು ಇವತ್ತು ಕೈಯಾರೆ ಕೆಡಿಸುತ್ತಿದ್ದೇವೆ ಅಂತ ಗೊತ್ತಾದಾಗ ನನಗೆ ಬಹಳ ಬೇಜಾರಾಯಿತು. ಹಾಗಂತ ಪರೀಕ್ಷೆ ನಡೆಯುವಾಗ ರೀಸ್ಟಾರ್ಟ್ ಮಾಡಬಹುದು ಅಂತ ನಾನು ಹೇಳುತ್ತಿಲ್ಲ. ನಿಂತು ಮತ್ತೆ ಶುರುವಾಗುವ ನಡುವಿನ ಹೊತ್ತಿನಲ್ಲಿ ಹೊಸದಾಗಿ ಲಾಗಿನ್ ಆದವರಿಗೆ ಫೋಲ್ಡರ್ ಸಿಗುವುದಿಲ್ಲ. ಪ್ರಶ್ನೆಪತ್ರಿಕೆ ಕೈಯಲ್ಲಿ ಹಿಡಿದ ಮಗುವಿಗೆ ಅಷ್ಟೂ ಗಾಬರಿ ಆಗಬಾರದು.

ಯಾರು ಒಳಗಿದ್ದಾರೆ ಅಂತ ತಿಳಿಯುವುದು ಕಷ್ಟ ಅಲ್ಲ. ಫ್ಯೂಸರ್ ಅನ್ನೋ ಕಮಾಂಡಿಗೆ ಮೈನಸ್ ವಿ ಎಂ ಅಂತ ಸೇರಿಸಿ ಮುಂದೆ ಫೋಲ್ಡರಿನ ಹೆಸರು ಕೊಟ್ಟರೆ ಯಾರ ಯಾವ ಪ್ರೋಗ್ರಾಂ ಅದನ್ನು ಹಿಡಿದು ಕೂತಿದೆ ಅಂತ ಸಾಲಾಗಿ ತೋರಿಸುತ್ತದೆ. ಎಲ್‌ಎಸ್‌ಓಎಫ್ ಕೂಡ ಇದೆ. ಆ ಪಟ್ಟಿಯಲ್ಲಿ ಹೆಸರು ಕಂಡರೆ ಆ ಕುರ್ಚಿಯ ಹತ್ತಿರ ಹೋಗಿ ಕೇಳಬೇಕು, "ಸೇವ್ ಮಾಡ್ಕೊಂಡಿಯೇನಪ್ಪಾ? ಒಂದ್ ಕ್ಷಣ ಹೊರಗ ಬರ್ತೀಯಾ?" ಅಂತ. ಬ್ಯುಸಿ ಅನ್ನೋ ಪದ ಪರದೆಯ ಮೇಲೆ ಬಂದರೆ ಅದನ್ನು ಒಂದು ಅಡ್ಡಿ ಅಂತ ನೋಡಬೇಡಿ, ಅಲ್ಲಿ ಒಬ್ಬ ಮನುಷ್ಯ ಇದ್ದಾನೆ ಅಂತ ಓದಿಕೊಳ್ಳಿ.

ಇಲ್ಲಿ ಇನ್ನೊಂದು ಮಾತು ಹೇಳಿಬಿಡುತ್ತೇನೆ, ನಮ್ಮ ಕಡೆ ಇದು ಜಾಸ್ತಿ ಆಗುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋಗಿ, ಯುಪಿಎಸ್ ಕೂಡ ಕೈಕೊಟ್ಟು, ಸರ್ವರ್ ಮಾತ್ರ ಆಫ್ ಆಗಿ ಲ್ಯಾಬಿನ ಕಂಪ್ಯೂಟರುಗಳು ಉಳಿದರೆ ಎಲ್ಲ ಪರದೆಗಳೂ ಹಾಗೇ ನಿಂತುಬಿಡುತ್ತವೆ. ಮೌಸ್ ಆಡಿದರೂ ಫೈಲ್ ತೆರೆಯುವುದಿಲ್ಲ. ಆಗಲೂ ಕೈ ಹಾಕಬೇಡಿ. ಹಾರ್ಡ್ ಮೌಂಟ್ ಆಗಿದ್ದರೆ ಕಂಪ್ಯೂಟರ್ ಸರ್ವರನ್ನು ಮತ್ತೆ ಮತ್ತೆ ಕರೆಯುತ್ತಾ ಕಾಯುತ್ತದೆ. ಸರ್ವರ್ ಎದ್ದು ಬಂದ ಮೇಲೆ ಕೆಲಸ ನಿಂತಲ್ಲಿಂದಲೇ ಮುಂದುವರಿಯುತ್ತದೆ. ನಮ್ಮಲ್ಲಿ ಎರಡು ಸಲ ಹೀಗೆ ಆಗಿದೆ, ಕಾದವರ ಒಂದು ಅಕ್ಷರವೂ ಹೋಗಲಿಲ್ಲ.

ಕಾಲೇಜು ನಡೆಸುವವರಲ್ಲಿ ನನ್ನ ವಿನಂತಿ ಇದೆ. ಪರೀಕ್ಷೆಯ ದಿನ ಸರ್ವರ್ ಕೋಣೆಯ ಬೀಗದ ಕೈ ಲ್ಯಾಬ್ ನೋಡಿಕೊಳ್ಳುವವರ ಹತ್ತಿರ ಇರಲಿ, ಪರೀಕ್ಷಕರಿಗೆ ಹೇಳದೆ ಯಾರೂ ಯಾವ ಸರ್ವಿಸನ್ನೂ ಮುಟ್ಟಬಾರದು ಅಂತ ಬರೆದು ಕೊಡಿ. ಬ್ಯಾಕ್‌ಲಾಗ್ ಮಕ್ಕಳ ನಂಬರುಗಳನ್ನು ಹಿಂದಿನ ದಿನವೇ ನಮಗೆ ಕೊಡಿ. ಅವತ್ತು ಆ ಒಂದು ನಂಬರ್ ಹಿಂದಿನ ದಿನ ಸಿಕ್ಕಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ ಅಲ್ವಾ? ಲ್ಯಾಬ್ ನೋಡಿಕೊಳ್ಳುವ ನಮ್ಮಂಥವರಿಗೂ ಸ್ವಲ್ಪ ಕಲಿಸಿ. ಎಷ್ಟೋ ಕಡೆ ನಮ್ಮನ್ನು ಕಂಪ್ಯೂಟರ್ ಒರೆಸಿ ಆನ್ ಮಾಡಿ ಇಡುವವರು ಅಂತಷ್ಟೇ ನೋಡುತ್ತಾರೆ. ಅವತ್ತು ರೀಲೋಡಿಗೂ ರೀಸ್ಟಾರ್ಟಿಗೂ ಇರುವ ವ್ಯತ್ಯಾಸ ನನಗೆ ಗೊತ್ತಿದ್ದರೆ ನಾನು ಬಾಯಿ ಬಿಡುತ್ತಿದ್ದೆ. ಈ ಪತ್ರದಲ್ಲಿ ಬರೆದ ಹೆಚ್ಚಿನದನ್ನು ಆ ದಿನದ ನಂತರ ರಾತ್ರಿ ಕೂತು ಓದಿ, ಲ್ಯಾಬ್ ಖಾಲಿ ಇದ್ದಾಗ ಒಂದು ಕಂಪ್ಯೂಟರಿನಲ್ಲಿ ಮಾಡಿ ನೋಡಿ ತಿಳಿದುಕೊಂಡೆ. ಇಂಗ್ಲಿಷ್ ಕೈಪಿಡಿ ಓದುವುದು ನನಗೆ ಸುಲಭ ಆಗಲಿಲ್ಲ. ಇದೆಲ್ಲ ಕನ್ನಡದಲ್ಲಿ ಒಂದೇ ಒಂದು ಹಾಳೆಯಲ್ಲಿ ಸಿಕ್ಕರೆ ಎಷ್ಟು ಜನಕ್ಕೆ ಉಪಯೋಗ ಆಗುತ್ತದೆ ಅಂತ ಆಗ ಅನ್ನಿಸಿತು. ಅಂಥ ಹಾಳೆಯನ್ನು ನಾನೇ ಬರೆದು ನಮ್ಮ ಸರ್ವರ್ ಕೋಣೆಯ ಬಾಗಿಲಿಗೆ ಅಂಟಿಸಿದ್ದೇನೆ. ಆ ಟೆಕ್ನಿಷಿಯನ್ ಕೂಡ ಅದರ ಫೋಟೋ ತೆಗೆದುಕೊಂಡು ಹೋದರು. ನೋಟ್‌ಬುಕ್ಕಿನ ಆ ಪುಟದ ಮೇಲೆ ನನ್ನ ಎದುರಿಗೇ ಗೀಟು ಎಳೆದರು.

ಅವತ್ತಿನ ಪರೀಕ್ಷಕರು ಒಳ್ಳೆಯವರು. ನಾನು ನಡೆದದ್ದನ್ನೆಲ್ಲ ಹೇಳಿದ ಮೇಲೆ ಮಕ್ಕಳಿಗೆ ಅರ್ಧ ಗಂಟೆ ಜಾಸ್ತಿ ಕೊಟ್ಟರು. ಪವರ್ ಬಟನ್ ಒತ್ತಿದ ಹುಡುಗ ಮತ್ತೆ ಮೊದಲಿನಿಂದ ಬರೆದು ಮುಗಿಸಿದ. ಚಿಂಚೋಳಿ ಕಡೆಯ ಆ ಹುಡುಗಿಗೆ ಅಷ್ಟು ಹೊತ್ತು ಕೂರಲು ಆಗಲಿಲ್ಲ, ಅವಳ ಊರಿನ ಬಸ್ಸಿಗೆ ಹೊತ್ತಾಗಿತ್ತು. ಮೂರನೇ ಸಲ ಬರೆದದ್ದನ್ನು ಅರ್ಧಕ್ಕೇ ಬಿಟ್ಟು, ಅಷ್ಟನ್ನೇ ಕೊಟ್ಟು ಹೋದಳು. ಹಿಂದಿನ ರಾತ್ರಿಯ ಬ್ಯಾಕಪ್ ಸರ್ವರ್‌ನಲ್ಲಿ ಇತ್ತು, ಆದರೆ ಅವಳ ಮೊದಲ ಪ್ರೋಗ್ರಾಂ ಅವತ್ತು ಬೆಳಿಗ್ಗೆ ಬರೆದದ್ದು, ಅದರಲ್ಲಿ ಸಿಗಲಿಲ್ಲ. ಅವಳಿಗೆ ಇನ್ನೊಂದು ಅವಕಾಶ ಕೊಡಿ ಅಂತ ಕಾಲೇಜಿಗೆ ಅರ್ಜಿ ಬರೆದುಕೊಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ, ದಿನಾ ಆಫೀಸಿಗೆ ಹೋಗಿ ಕೇಳುತ್ತಿದ್ದೇನೆ.

ಇಂತಿ,
ಒಬ್ಬ ಲ್ಯಾಬ್ ಸಹಾಯಕಿ,
ಕಲಬುರಗಿ